ಬಿಸಿ ಶಾಫ್ಟು, ತಣ್ಣನೆಯ ಅಳತೆ

1988ರ ಜೂನ್ ತಿಂಗಳ ಒಂದು ಸೋಮವಾರ. ಮೈಸೂರಿನ ಮೇಟಗಳ್ಳಿಯ ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನ ಮೊದಲ ದಿನ. ಇನ್‌ಸ್ಪೆಕ್ಷನ್ ಮೇಜಿನ ಹಿಂದೆ ಕೂತಿದ್ದ ಹಿರಿಯರು ನನ್ನ ಹೆಸರನ್ನೂ ಕೇಳಲಿಲ್ಲ. 25 ಮಿಲಿಮೀಟರಿನ ಒಂದು ಉಕ್ಕಿನ ಶಾಫ್ಟನ್ನು ಮುಂದಿಟ್ಟು, ಮೈಕ್ರೋಮೀಟರನ್ನು ಕೈಗೆ ಕೊಟ್ಟು, "ಅಳತೆ ತಗೊ" ಎಂದರು. ತಗೊಂಡೆ. 24.99. "ಇನ್ನೊಂದ್ ಸಲ." ಈ ಬಾರಿ 25.00. "ಇನ್ನೊಂದ್ ಸಲ." 24.98. ಅವರು ನಗಲಿಲ್ಲ, ಬೈಯಲೂ ಇಲ್ಲ. "ಶಾಫ್ಟ್ ಒಂದೇ, ಅಳತೆ ಮೂರು. ಇದರಲ್ಲಿ ಯಾವುದನ್ನ ಬರೀತೀಯಪ್ಪಾ?" ಎಂದು ಕೇಳಿದರು.

ಡಿಪ್ಲೊಮಾದಲ್ಲಿ ಒಳ್ಳೆಯ ಅಂಕ ತೆಗೆದಿದ್ದೆ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಅಂದು ಬೆಳಿಗ್ಗೆಯೆಲ್ಲ ಅವರು ಕಲಿಸಿದ್ದು ಇಷ್ಟೇ. ಮೈಕ್ರೋಮೀಟರಿನ ಎರಡು ಮುಖಗಳನ್ನೂ ಶಾಫ್ಟನ್ನೂ ಹತ್ತಿ ಬಟ್ಟೆಯಲ್ಲಿ ಒರೆಸಬೇಕು. ಎಣ್ಣೆಯ ಪದರವೂ ಒಂದು ದಪ್ಪವೇ. ಸೊನ್ನೆ ಸರಿಯಿದೆಯೇ ನೋಡಬೇಕು. ಶಾಫ್ಟಿಗೆ ನೇರವಾಗಿ ಅಡ್ಡ ಹಿಡಿಯಬೇಕು, ಓರೆಯಾಗಬಾರದು. ಬೆರಳ ಬಲದಿಂದ ಬಿಗಿಯಬಾರದು, ಹಿಂತುದಿಯ ರ‍್ಯಾಚೆಟ್ ಹಿಡಿದು ತಿರುಗಿಸಬೇಕು. ಅದು ಕಿರ್ರೆಂದು ಮೂರು ಸಲ ಜಾರಿದ ಮೇಲೆ ನಿಲ್ಲಿಸಿ ಓದಬೇಕು. ಮಧ್ಯಾಹ್ನದ ಹೊತ್ತಿಗೆ ಹತ್ತು ಸಲ ಅಳೆದರೂ ಒಂದೇ ಅಂಕಿ ಬರತೊಡಗಿತು. ಆ ಹಿರಿಯರು ಐಡಿಯಲ್ ಜಾವಾದಲ್ಲಿ ದುಡಿದು ಬಂದವರು. 1961ರಲ್ಲಿ ನಮ್ಮ ಊರಿನಲ್ಲಿ ಶುರುವಾಗಿ, ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ದೇಶಕ್ಕೆಲ್ಲ ಕೊಟ್ಟು, 1996ರಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆ ಅದು. ಆ ಬೈಕುಗಳು ಇವತ್ತಿಗೂ ಅಗ್ರಹಾರದ ಬೀದಿಗಳಲ್ಲಿ ಓಡುವುದನ್ನು ಕಂಡಾಗ, ಅವುಗಳ ಎಂಜಿನ್ ಭಾಗಗಳನ್ನು ಯಾರೋ ಹೀಗೇ ಒರೆಸಿ, ರ‍್ಯಾಚೆಟ್ ತಿರುಗಿಸಿ ನೋಡಿದ್ದಾರಲ್ಲ ಎಂಬುದು ನನಗೆ ನೆನಪಾಗುತ್ತದೆ.

ಇದನ್ನೆಲ್ಲ ಈಗ ಬರೆಯಲು ಕಾರಣ ನಮ್ಮ ಬೀದಿಯ ಒಬ್ಬ ಹುಡುಗ. ಹೋದ ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ. ಅವನಮ್ಮ ಅವನನ್ನು ಕರೆದುಕೊಂಡು ಮನೆಗೆ ಬಂದರು. "ಅಂಕಲ್, ಇನ್‌ಸ್ಪೆಕ್ಟರ್ ಆಗಬೇಕಂದ್ರೆ ಯಾವ ಕೋರ್ಸ್ ಮಾಡ್ಲಿ?" ಎಂದು ಕೇಳಿದ. ಕೈಯಲ್ಲಿ ಒಂದು ಬಣ್ಣದ ಕರಪತ್ರ. ಹದಿನೈದು ದಿನದಲ್ಲಿ ನಾಲ್ಕು ಸರ್ಟಿಫಿಕೇಟು, ಆಮೇಲೆ ಗಲ್ಫ್‌ನಲ್ಲಿ ಕೆಲಸ ಎಂದು ಅದರಲ್ಲಿ ಅಚ್ಚಾಗಿತ್ತು. ಫೀಸು ಕಟ್ಟಲು ಅವನಮ್ಮ ಬಳೆ ಅಡವಿಡಲು ಸಿದ್ಧರಿದ್ದರು. "ಮೊದಲು ಬಳೆ ಒಳಗಿಡಿ ಅಮ್ಮ" ಎಂದೆ. ಉಳಿದದ್ದನ್ನು ಹೇಳಲು ಮೂರು ಭಾನುವಾರ ಬೇಕಾಯಿತು.

ನಮ್ಮ ಕಡೆ ಇನ್‌ಸ್ಪೆಕ್ಟರ್ ಎಂದರೆ ಜನ ಪೊಲೀಸರನ್ನೋ, ಆರ್‌ಟಿಓ ಕಚೇರಿಯ ಬ್ರೇಕ್ ಇನ್‌ಸ್ಪೆಕ್ಟರನ್ನೋ ನೆನೆಯುತ್ತಾರೆ. ಬ್ರೇಕ್ ಇನ್‌ಸ್ಪೆಕ್ಟರ್ ಎಂದು ನಾವು ಕರೆಯುವ ಮೋಟಾರು ವಾಹನ ನಿರೀಕ್ಷಕರೂ ಒಂದು ಅರ್ಥದಲ್ಲಿ ಈ ಬಳಗದವರೇ. ಆದರೆ ನಾನು ಹೇಳುತ್ತಿರುವುದು ಕಾರ್ಖಾನೆಯೊಳಗಿನ ಇನ್‌ಸ್ಪೆಕ್ಟರ್ ಬಗ್ಗೆ. ಎರಕ ಬಂತು, ಸರಿಯಿದೆಯೇ? ಲೇತಿನಿಂದ ಭಾಗ ಇಳಿಯಿತು, ಡ್ರಾಯಿಂಗಿನಲ್ಲಿ ಬರೆದಂತಿದೆಯೇ? ವೆಲ್ಡಿಂಗ್ ಮುಗಿಯಿತು, ಒಳಗೆ ಬಿರುಕಿದೆಯೇ? ಟ್ಯಾಂಕು ಒತ್ತಡ ತಡೆಯುತ್ತದೆಯೇ? ಇವಕ್ಕೆ ಉತ್ತರ ಹುಡುಕಿ, ಕಾಗದದ ಮೇಲೆ ಬರೆದು, ಕೆಳಗೆ ಸಹಿ ಹಾಕುವ ಕೆಲಸ ಅದು. ಕಾರ್ಖಾನೆಯ ಸಂಬಳ ಪಡೆದು ಅಲ್ಲಿಯ ಮಾಲನ್ನೇ ನೋಡುವವರು ಕೆಲವರು. ಖರೀದಿದಾರರ ಪರವಾಗಿ ಬಂದು ನೋಡುವವರು ಕೆಲವರು. ಇಬ್ಬರಿಗೂ ಸೇರದ ಹೊರಗಿನ ಸಂಸ್ಥೆಯಿಂದ ಬರುವವರನ್ನು ಥರ್ಡ್ ಪಾರ್ಟಿ ಎನ್ನುತ್ತೇವೆ. ಕಾನೂನಿನ ಅಧಿಕಾರ ಹೊತ್ತು ಬರುವ ಸರ್ಕಾರಿ ನಿರೀಕ್ಷಕರು ಬೇರೆ.

ಈ ಕೆಲಸ ಕಲಿಯುವುದಕ್ಕೆ ಮೈಸೂರು ಒಳ್ಳೆಯ ಊರು. ಅರಮನೆ ನೋಡಲು ಬರುವವರ ಕಣ್ಣಿಗೆ ಬೀಳದ ಇನ್ನೊಂದು ಮೈಸೂರು ಹೆಬ್ಬಾಳು, ಹೂಟಗಳ್ಳಿ, ಮೇಟಗಳ್ಳಿ, ಬೆಳಗೊಳ, ಕಡಕೊಳ, ನಂಜನಗೂಡಿನವರೆಗೆ ಹಬ್ಬಿದೆ. ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್‌ನಲ್ಲಿ ಲಾರಿಗಳ ಆಕ್ಸಲ್ ತಯಾರಾಗುತ್ತದೆ. ಬಿಇಎಂಎಲ್ ಗಣಿಗಳಿಗೆ ಡಂಪರ್ ಕಟ್ಟುತ್ತದೆ. ತ್ರಿವೇಣಿಯಲ್ಲಿ ಟರ್ಬೈನುಗಳಿಗೆ ಬೇಕಾದ ಅತಿ ವೇಗದ ಗೇರುಗಳಾಗುತ್ತವೆ. ಕೆಆರ್‌ಎಸ್ ರಸ್ತೆಯಲ್ಲಿ ಟೈರ್ ಕಾರ್ಖಾನೆ ಇದೆ, ಕಡಕೊಳದ ಬಳಿ ಟಿವಿಎಸ್‌ನವರು ದ್ವಿಚಕ್ರ ವಾಹನ ಮಾಡುತ್ತಾರೆ. ಇವುಗಳಿಗೆಲ್ಲ ಬುಷ್, ಪಿನ್, ಬ್ರಾಕೆಟ್ ಮಾಡಿಕೊಡುವ ನೂರಾರು ಸಣ್ಣ ಶೆಡ್‌ಗಳಿವೆ. ಹೊಸಬನಿಗೆ ನಾನು ಹೇಳುವುದು, ದೊಡ್ಡ ಗೇಟಿಗಾಗಿ ಕಾದು ಕೂರಬೇಡ, ಇಂಥ ಒಂದು ಶೆಡ್ಡಿಗೆ ಹೋಗು ಎಂದು. ದೊಡ್ಡ ಕಾರ್ಖಾನೆಯಲ್ಲಿ ನಿನಗೆ ಒಂದೇ ಗೇಜು, ಒಂದೇ ಭಾಗ. ಶೆಡ್ಡಿನಲ್ಲಾದರೆ ಒಂದೇ ವಾರದಲ್ಲಿ ಎರಕವನ್ನೂ ನೋಡುತ್ತೀಯ, ಕೊರೆದ ತೂತನ್ನೂ ನೋಡುತ್ತೀಯ, ಗಿರಾಕಿಯ ಬೈಗುಳವನ್ನೂ ಕೇಳುತ್ತೀಯ.

ಅಶೋಕಪುರಂನ ರೈಲ್ವೆ ವರ್ಕ್‌ಶಾಪನ್ನು ಬೇರೆಯಾಗಿ ಹೇಳಬೇಕು. ಮೈಸೂರು ಸಂಸ್ಥಾನದ ರೈಲ್ವೆಯ ಕಾಲದಿಂದ ಬಂದ ಜಾಗ ಅದು. ಓಡಿ ದಣಿದ ಬೋಗಿಗಳು ಅಲ್ಲಿಗೆ ಬಂದು, ಪೂರ್ತಿ ಬಿಚ್ಚಿಸಿಕೊಂಡು, ದುರಸ್ತಿಯಾಗಿ ಹೋಗುತ್ತವೆ. ರೈಲ್ವೆ ವರ್ಕ್‌ಶಾಪುಗಳಲ್ಲಿ ಚಕ್ರದ ಆಕ್ಸಲ್ಲಿನ ತುದಿಗೆ ಒಂದು ಸಣ್ಣ ಪ್ರೋಬ್ ಇಟ್ಟು, ಕಿವಿಗೆ ಕೇಳದ ಶಬ್ದವನ್ನು ಉಕ್ಕಿನೊಳಗೆ ಬಿಡುತ್ತಾರೆ. ಒಳಗೆ ಬಿರುಕಿದ್ದರೆ ಆ ಶಬ್ದ ಅಲ್ಲಿಂದಲೇ ತಿರುಗಿ ಬಂದು ಪರದೆಯ ಮೇಲೆ ಒಂದು ಮೊನೆಯಾಗಿ ಏಳುತ್ತದೆ. ಇದಕ್ಕಿಷ್ಟು ಕಾಳಜಿ ಏಕೆಂದರೆ ಆಕ್ಸಲ್ ಒಂದೇ ಏಟಿಗೆ ಮುರಿಯುವುದಿಲ್ಲ. ಪ್ರತಿ ಸುತ್ತಿಗೂ ಅದರ ಮೇಲ್ಮೈ ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಿಗೆ ಸಿಗುತ್ತದೆ. ಲಕ್ಷಾಂತರ ಸುತ್ತಿನ ನಂತರ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತದೆ, ನಿಧಾನ ಒಳಗೆ ಸಾಗುತ್ತದೆ, ಉಳಿದ ಲೋಹ ಭಾರ ತಾಳದಾದಾಗ ಒಮ್ಮೆಗೇ ತುಂಡಾಗುತ್ತದೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್ ಬಳಿ ರೈಲು ಎಂಜಿನ್ನಿನ ಆಕ್ಸಲ್ ಮುರಿದು, ಬೋಗಿಗಳಿಗೆ ಬೆಂಕಿ ಹತ್ತಿ, ಹತ್ತಾರು ಜನ ಸತ್ತರು. ಲೋಹಕ್ಕೂ ದಣಿವಿದೆ ಎಂಬುದನ್ನು ಎಂಜಿನಿಯರುಗಳು ತಲೆಕೆಡಿಸಿಕೊಂಡು ಅಭ್ಯಾಸ ಮಾಡಲು ಶುರುಮಾಡಿದ್ದು ಅಂಥ ದುರಂತಗಳಿಂದ. ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ನಾವು ಕೂತಿರುವುದು ಇಂಥ ಪರೀಕ್ಷೆ ಮುಗಿಸಿ ಯಾರೋ ಹಾಕಿದ ಸಹಿಯ ಮೇಲೆ.

ಓದಿನ ದಾರಿಯ ಮಾತಿಗೆ ಬರೋಣ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐ ಸೇರಿ ಫಿಟ್ಟರ್, ಟರ್ನರ್ ಅಥವಾ ಮೆಷಿನಿಸ್ಟ್ ಟ್ರೇಡ್ ಮಾಡಬಹುದು, ಎರಡು ವರ್ಷ. ಇಲ್ಲವೇ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ. ನನ್ನ ಮನಸ್ಸಿಗೆ ಹೆಚ್ಚು ಒಪ್ಪುವುದು ಕೆಆರ್‌ಎಸ್ ರಸ್ತೆಯ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯ ಶಾಖೆ ಅದು. ಅಲ್ಲಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿತು, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲೇ ಕಳೆಯುತ್ತಾರೆ. ಅರದಿಂದ ಉಜ್ಜಿ ಉಜ್ಜಿ ಅಂಗೈ ಬೊಬ್ಬೆ ಬಂದ ಹುಡುಗ ಹುಡುಗಿಯರಿಗೆ ಹತ್ತು ಮೈಕ್ರಾನ್ ಎಂದರೆ ಎಷ್ಟು ಎಂಬುದು ಮೈಗೇ ಗೊತ್ತಿರುತ್ತದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. 1946ರ ಎನ್‌ಐಇ, 1963ರ ಎಸ್‌ಜೆಸಿಇಯಂಥ ಕಾಲೇಜುಗಳು ಊರಿನಲ್ಲೇ ಇವೆ. ಪದವಿ ಬೇಡವೆನ್ನುತ್ತಿಲ್ಲ, ಮುಂದೆ ಕೆಲವು ಬಾಗಿಲು ಅದಿಲ್ಲದೆ ತೆರೆಯುವುದಿಲ್ಲ. ಆದರೆ ಬಿಇ ಮುಗಿಸಿಯೂ ವರ್ನಿಯರ್ ಓದಲು ತಡಬಡಾಯಿಸುವವರನ್ನು ಸಂದರ್ಶನಗಳಲ್ಲಿ ಕಂಡು ನಾನು ತುಂಬ ನೊಂದಿದ್ದೇನೆ. ಅದು ಆ ಮಕ್ಕಳ ತಪ್ಪಲ್ಲ. ಲ್ಯಾಬಿನಲ್ಲಿ ನಲವತ್ತು ಜನಕ್ಕೆ ಎರಡು ವರ್ನಿಯರ್ ಇದ್ದರೆ ಯಾರ ಕೈ ಪಳಗೀತು?

ಓದು ಮುಗಿದ ತಕ್ಷಣ ಮಾಡಬೇಕಾದದ್ದು ಅಪ್ರೆಂಟಿಸ್ ಆಗಿ ಸೇರುವುದು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗಳು ತರಬೇತಿ ಕೊಡಬೇಕು, ಸ್ಟೈಪೆಂಡ್ ಕೂಡ. 2019ರ ತಿದ್ದುಪಡಿಯಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000, ಪದವೀಧರರಿಗೆ 9,000 ರೂಪಾಯಿ ಎಂದು ಗೊತ್ತುಮಾಡಿದರು. ಹಳ್ಳಿಯಿಂದ ಬಂದು ಕುಂಬಾರಕೊಪ್ಪಲಿನಲ್ಲೋ ಹೆಬ್ಬಾಳಿನಲ್ಲೋ ರೂಮು ಮಾಡಿದವರಿಗೆ ಅದು ಬಾಡಿಗೆ, ಊಟ, ಬಸ್ಸಿಗೆ ಸರಿಹೋದೀತು, ಮನೆಗೆ ಕಳಿಸಲು ಉಳಿಯದು. ನೈರುತ್ಯ ರೈಲ್ವೆಯವರು ಹುಬ್ಬಳ್ಳಿಯಿಂದ ಹೊರಡಿಸುವ ಅಪ್ರೆಂಟಿಸ್ ಪ್ರಕಟಣೆಯಲ್ಲಿ ಮೈಸೂರು ವರ್ಕ್‌ಶಾಪಿನ ಸೀಟುಗಳೂ ಇರುತ್ತವೆ. ಐಟಿಐ ಆದವರು ಅದರ ಮೇಲೆ ಕಣ್ಣಿಟ್ಟಿರಬೇಕು. ಸಾಧ್ಯವಾದರೆ ಮೊದಲ ಆರು ತಿಂಗಳು ಕ್ವಾಲಿಟಿಗಿಂತ ಮಿಷಿನ್ ಶಾಪಿನಲ್ಲೇ ಹಾಕಿ ಎಂದು ಕೇಳಿಕೊಳ್ಳಿ. ಟೂಲ್ ಸವೆದಾಗ ತೂತು ಹೇಗೆ ಕಿರಿದಾಗುತ್ತದೆ, ಚಕ್ಕಿನಲ್ಲಿ ಬಿಗಿಯಾಗಿ ಹಿಡಿದ ತೆಳು ರಿಂಗು ಬಿಟ್ಟ ಮೇಲೆ ಹೇಗೆ ಮುಕ್ಕೋನವಾಗುತ್ತದೆ ಎಂಬುದನ್ನು ಆಪರೇಟರ್ ಪಕ್ಕದಲ್ಲಿ ನಿಂತು ನೋಡಿದವರಿಗೆ, ಮುಂದೆ ತಪ್ಪನ್ನು ಎಲ್ಲಿ ಹುಡುಕಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಅಳತೆಗಿಂತ ಮೊದಲು ಡ್ರಾಯಿಂಗ್ ಓದಬೇಕು. ಇಲ್ಲಿ ಹೊಸಬರು ಜಾರುವ ಒಂದು ಜಾಗವಿದೆ. ನಮ್ಮ ದೇಶದಲ್ಲಿ ಕಲಿಸುವುದು ಫಸ್ಟ್ ಆ್ಯಂಗಲ್ ಪದ್ಧತಿ. ಅಮೆರಿಕದ ಗಿರಾಕಿಗಳು ಕಳಿಸುವುದು ಥರ್ಡ್ ಆ್ಯಂಗಲ್. ಒಂದರಲ್ಲಿ ಎಡದಿಂದ ನೋಡಿದ ಚಿತ್ರವನ್ನು ಬಲಕ್ಕೆ ಬರೆದರೆ, ಇನ್ನೊಂದರಲ್ಲಿ ಎಡಕ್ಕೇ ಬರೆಯುತ್ತಾರೆ. ಹೊರದೇಶಕ್ಕೆ ಮಾಲು ಕಳಿಸುವ ಮೈಸೂರಿನ ಶೆಡ್ಡುಗಳ ಮೇಜಿನ ಮೇಲೆ ಎರಡೂ ಒಟ್ಟಿಗೇ ಬಿದ್ದಿರುತ್ತವೆ. ಮೂಲೆಯಲ್ಲಿ ಮೊಂಡು ಶಂಕುವಿನ ಒಂದು ಸಣ್ಣ ಗುರುತಿರುತ್ತದೆ. ಅದನ್ನು ನೋಡದೆ ಮುಂದುವರಿದರೆ ಬಲಗಡೆಯ ತೂತು ಎಡಗಡೆಗೆ ಹೋಗುತ್ತದೆ, ಅಳತೆಗಳೆಲ್ಲ ಸರಿಯಿದ್ದೂ ಭಾಗ ಗುಜರಿಗೆ ಹೋಗುತ್ತದೆ.

ನಂತರ ಬರುವುದು ಬಿಟ್ಟ ಅಳತೆ, ಅಂದರೆ ಟಾಲರೆನ್ಸ್. ನನ್ನ ಮೊದಲ ದಿನದ ಆ 25 ಮಿ.ಮೀ. ಶಾಫ್ಟನ್ನೇ ತೆಗೆದುಕೊಳ್ಳಿ. ಜಿ6 ಎಂದು ಬರೆದಿದ್ದರೆ ಅದು 24.980ರಿಂದ 24.993ರ ನಡುವೆ ಇರಬೇಕು. ಕೂರುವ ತೂತು ಎಚ್7 ಆದರೆ 25.000ದಿಂದ 25.021ರ ನಡುವೆ. ಆಗ ಎರಡರ ನಡುವೆ ಎಣ್ಣೆ ಹರಿಯುವಷ್ಟು ಸಂದು ಸದಾ ಉಳಿಯುತ್ತದೆ, ಶಾಫ್ಟ್ ಅಲುಗದೆ ತಿರುಗುತ್ತದೆ. ಶಾಫ್ಟಿಗೆ ಸಿಕ್ಕ ಅವಕಾಶ ಬರೀ 13 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಇಂಥದ್ದನ್ನು ನೂರರಲ್ಲೊಂದು ಮಿಲಿಮೀಟರ್ ಓದುವ ಸಾದಾ ಮೈಕ್ರೋಮೀಟರಿನಲ್ಲಿ ನೋಡಿ ಪಾಸ್ ಮಾಡುವಂತಿಲ್ಲ. ಬಿಟ್ಟ ಅಳತೆಯ ಹತ್ತನೆಯ ಒಂದು ಭಾಗವನ್ನಾದರೂ ಓದಬಲ್ಲ ಸಾಧನ ಬೇಕೆಂಬುದು ನಮ್ಮ ಹಳೆಯ ಲೆಕ್ಕ.

ಇಷ್ಟೆಲ್ಲ ಇದ್ದರೂ ಬಿಸಿ ಒಂದನ್ನು ಮರೆತರೆ ಎಲ್ಲವೂ ನೀರಿನಲ್ಲಿ ಹೋಮ. ಪ್ರಪಂಚದಾದ್ಯಂತ ಡ್ರಾಯಿಂಗಿನ ಅಳತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದೇ ಅರ್ಥ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ನಮ್ಮ ಶಾಫ್ಟು ಲೇತಿನಿಂದ 60 ಡಿಗ್ರಿ ಬಿಸಿಯಲ್ಲಿ ಇಳಿಯಿತೆನ್ನಿ. ನಲವತ್ತು ಡಿಗ್ರಿ ಹೆಚ್ಚು, ಅಂದರೆ 11.5 ಮೈಕ್ರಾನ್ ದಪ್ಪ. ಸಿಕ್ಕ 13 ಮೈಕ್ರಾನಿನ ಅವಕಾಶವನ್ನು ಬಿಸಿಯೊಂದೇ ಹೆಚ್ಚುಕಡಿಮೆ ಪೂರ್ತಿ ನುಂಗಿತು. ಬಿಸಿಯಲ್ಲಿ ಅಳೆದು ಒಳ್ಳೆಯದನ್ನು ರಿಜೆಕ್ಟ್ ಮಾಡಬಹುದು, ತಣಿದ ಮೇಲೆ ಸಣ್ಣದಾಗುವುದನ್ನು ಪಾಸೂ ಮಾಡಬಹುದು. ಅದಕ್ಕೇ ಅಳೆಯುವ ಕೋಣೆಗೆ ಏಸಿ. ಅದಕ್ಕೇ ಭಾಗಗಳನ್ನು ತಂದು ಕರಿಕಲ್ಲಿನ ಸರ್ಫೇಸ್ ಪ್ಲೇಟಿನ ಮೇಲೆ ತಣಿಯಲು ಬಿಡುತ್ತೇವೆ. ಕರಿಕಲ್ಲು ತುಕ್ಕು ಹಿಡಿಯುವುದಿಲ್ಲ, ಏಟು ಬಿದ್ದರೆ ಉಬ್ಬುವುದಿಲ್ಲ. ಚಾಮರಾಜನಗರದ ಕರಿಕಲ್ಲಿನ ಹೆಸರು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಅದು ಮನೆಯ ನಂಟಿನಂತೆಯೇ ಅನಿಸುತ್ತದೆ.

ಮೈಕ್ರೋಮೀಟರ್ ಸರಿಯಿದೆಯೇ ಎಂದು ನೋಡುವ ಸ್ಲಿಪ್ ಗೇಜುಗಳ ಕತೆಯನ್ನು ನಾನು ಹೊಸಬರಿಗೆ ತಪ್ಪದೆ ಹೇಳುತ್ತೇನೆ. ಕನ್ನಡಿಯಂತೆ ನುಣುಪಾದ ಉಕ್ಕಿನ ಸಣ್ಣ ಬಿಲ್ಲೆಗಳು ಅವು. ಒಂದರ ಮೇಲೊಂದನ್ನು ಒತ್ತಿ ಸರಿಸಿದರೆ ಅಂಟು ಹಾಕಿದಂತೆ ಹಿಡಿದುಕೊಳ್ಳುತ್ತವೆ. ಅವನ್ನು ಕಂಡುಹಿಡಿದ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ ಸ್ವೀಡನ್ನಿನ ಬಂದೂಕು ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ. ಪ್ರತಿ ಭಾಗಕ್ಕೂ ಒಂದೊಂದು ಗೇಜು ಮಾಡುತ್ತಾ ಕೂತರೆ ಮುಗಿಯುವುದು ಯಾವಾಗ ಎಂದು ಯೋಚಿಸಿ, 1896ರ ಸುಮಾರಿಗೆ, ನೂರು ಚಿಲ್ಲರೆ ಬಿಲ್ಲೆಗಳನ್ನು ಬೇಕಾದಂತೆ ಕೂಡಿಸಿ ಸಾವಿರಾರು ಅಳತೆ ಪಡೆಯುವ ಉಪಾಯ ಹುಡುಕಿದ. ಮನೆಯಲ್ಲಿದ್ದ ಹೆಂಡತಿಯ ಹೊಲಿಗೆ ಯಂತ್ರವನ್ನೇ ಬದಲಿಸಿಕೊಂಡು ಬಿಲ್ಲೆಗಳನ್ನು ಉಜ್ಜಿ ನುಣುಪು ಮಾಡಿದನಂತೆ. ಇವತ್ತು ಹೆಬ್ಬಾಳಿನ ಶೆಡ್ಡಿನಲ್ಲಿರುವ ಮೈಕ್ರೋಮೀಟರಿಗೆ ಅಂಟಿಸಿದ ಕ್ಯಾಲಿಬ್ರೇಷನ್ ಚೀಟಿಯ ಹಿಂದೆ ಒಂದು ಸರಪಳಿಯೇ ಇದೆ: ಚೀಟಿ ಕೊಟ್ಟ ಲ್ಯಾಬು, ಆ ಲ್ಯಾಬಿನ ಸ್ಲಿಪ್ ಗೇಜು, ಅದನ್ನು ನೋಡಿದ ಇನ್ನೂ ಮೇಲಿನ ಲ್ಯಾಬು, ಕೊನೆಗೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅಳತೆಯ ಶಾಸ್ತ್ರವನ್ನು ಆಳವಾಗಿ ಕಲಿಯುವ ಮನಸ್ಸಿದ್ದವರಿಗೆ ಬೆಂಗಳೂರಿನ ಸಿಎಂಟಿಐ ಸಂಸ್ಥೆ ಹತ್ತಿರದಲ್ಲೇ ಇದೆ.

ಈಗ ಕರಪತ್ರದ ಸರ್ಟಿಫಿಕೇಟುಗಳ ವಿಷಯ. ಕಣ್ಣಿಗೆ ಕಾಣದ ದೋಷವನ್ನು ಭಾಗ ಕೆಡಿಸದೆ ಹುಡುಕುವ ವಿದ್ಯೆಗೆ ಎನ್‌ಡಿಟಿ ಎನ್ನುತ್ತಾರೆ. ಎಲ್ಲಕ್ಕಿಂತ ಸರಳವಾದದ್ದು ಡಿಪಿ ಟೆಸ್ಟ್. ವೆಲ್ಡಿಂಗನ್ನು ಚೆನ್ನಾಗಿ ತೊಳೆದು ಒಣಗಿಸಿ, ಕೆಂಪು ಬಣ್ಣದ ದ್ರವ ಹಚ್ಚಿ, ಹತ್ತು ನಿಮಿಷವೋ ಇನ್ನಷ್ಟೋ ಬಿಟ್ಟು, ಮೇಲಿನದನ್ನು ಒರೆಸಿ, ಬಿಳಿ ಪುಡಿ ಸಿಂಪಡಿಸುತ್ತಾರೆ. ಬಿರುಕಿನೊಳಗೆ ಇಳಿದಿದ್ದ ಬಣ್ಣ ಬಿಳಿಯ ಮೇಲೆ ಕೆಂಪು ಗೆರೆಯಾಗಿ ಒಸರುತ್ತದೆ. ಮೊದಲ ಬಾರಿ ಅದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಬರಿಗಣ್ಣಿಗೆ ಬೆಳ್ಳಿಯಂತೆ ಕಂಡಿದ್ದ ಜೋಡಣೆ ಅದು. ಮ್ಯಾಗ್ನೆಟಿಕ್, ಅಲ್ಟ್ರಾಸಾನಿಕ್, ರೇಡಿಯಾಗ್ರಫಿ ಇವೆಲ್ಲ ಇದರ ಮುಂದಿನ ಮೆಟ್ಟಿಲು. ರೇಡಿಯಾಗ್ರಫಿಯಲ್ಲಿ ಇರಿಡಿಯಂ-192ರಂಥ ವಿಕಿರಣ ಮೂಲಗಳನ್ನು ಬಳಸುವುದರಿಂದ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ. ಅದನ್ನು ಹದಿನೈದು ದಿನದ ಕರಪತ್ರ ನಂಬಿ ಮುಟ್ಟುವಂತಿಲ್ಲ.

ಲೆವೆಲ್-1, ಲೆವೆಲ್-2, ಲೆವೆಲ್-3 ಎಂಬ ಮಾತು ಎಲ್ಲ ಕಡೆ ಕೇಳುತ್ತೀರಿ. ಸೂಚನೆಯಂತೆ ಪರೀಕ್ಷೆ ಮಾಡುವವರು ಲೆವೆಲ್-1. ತಾವೇ ಸಲಕರಣೆ ಹೊಂದಿಸಿ, ಫಲಿತಾಂಶ ಓದಿ, ಪಾಸೋ ಫೇಲೋ ಹೇಳುವವರು ಲೆವೆಲ್-2. ವಿಧಾನವನ್ನೇ ಬರೆದುಕೊಡುವವರು ಲೆವೆಲ್-3. ನಮ್ಮಲ್ಲಿ ಹೆಚ್ಚು ಚಲಾವಣೆಯಲ್ಲಿರುವುದು ಅಮೆರಿಕದ ಎಸ್‌ಎನ್‌ಟಿ-ಟಿಸಿ-1ಎ ಪದ್ಧತಿ. ಕರಪತ್ರಗಳು ಹೇಳದ ಸಂಗತಿ ಏನೆಂದರೆ, ಆ ಪದ್ಧತಿಯಲ್ಲಿ ನಿಮ್ಮನ್ನು ಅರ್ಹರೆಂದು ಘೋಷಿಸುವ ಹೊಣೆ ಕೆಲಸ ಕೊಟ್ಟ ಕಂಪನಿಯದು. ತರಬೇತಿ, ಪರೀಕ್ಷೆಗಳ ಜೊತೆಗೆ ಇಷ್ಟು ಗಂಟೆ ಕೈಯಾರೆ ಕೆಲಸ ಮಾಡಿದ ದಾಖಲೆಯೂ ಬೇಕು. ಕಂಪನಿ ಬದಲಾದರೆ ಹೊಸ ಕಂಪನಿ ಮತ್ತೆ ನೋಡಿ ಒಪ್ಪಬೇಕು. ಐಎಸ್‌ಓ 9712ರ ಪ್ರಕಾರ ಸ್ವತಂತ್ರ ಸಂಸ್ಥೆ ಕೊಡುವ ಅರ್ಹತೆ ಬೇರೆ. ಎರಡರಲ್ಲೂ ಅನುಭವದ ಗಂಟೆಗಳಿಲ್ಲದ ಕಾಗದಕ್ಕೆ ಬೆಲೆಯಿಲ್ಲ. ಇನ್ನೊಂದು ಮಾತು: ಹತ್ತಿರದ ದೃಷ್ಟಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ, ಬಣ್ಣ ಗುರುತಿಸುವುದನ್ನೂ ನೋಡುತ್ತಾರೆ. ಫೀಸು ಕಟ್ಟುವ ಮೊದಲು ಕಣ್ಣಿನ ಡಾಕ್ಟರ ಬಳಿ ಹೋಗಿ ಬನ್ನಿ. ಕನ್ನಡಕ ಇದ್ದರೆ ಅಡ್ಡಿಯಿಲ್ಲ. ಕೆಂಪು-ಹಸಿರು ಗೊತ್ತಾಗದವರು ಸಾಲ ಮಾಡಿ ಕೋರ್ಸ್ ಮುಗಿಸಿದ ಮೇಲೆ ಅದನ್ನು ತಿಳಿಯುವುದು ಬೇಡ.

ವೆಲ್ಡಿಂಗ್ ಪರಿಶೀಲನೆಗೆ ಅಮೆರಿಕದ ಸಿಡಬ್ಲ್ಯುಐ, ಬ್ರಿಟನ್ನಿನ ಸಿಎಸ್‌ಡಬ್ಲ್ಯುಐಪಿ, ತೈಲ ಶುದ್ಧೀಕರಣಾಗಾರದ ಪಾತ್ರೆ-ಪೈಪುಗಳಿಗೆ ಎಪಿಐ 510, 570 ಇವೆ. ಮಂಗಳೂರಿನ ರಿಫೈನರಿಯಲ್ಲೋ ಗಲ್ಫ್‌ನ ಶಟ್‌ಡೌನ್ ಕೆಲಸಗಳಲ್ಲೋ ದೊಡ್ಡ ಸಂಬಳ ತರುವವು ಇವೇ. ಇವೂ ಅನುಭವ ಕೇಳುತ್ತವೆ. ನಾಲ್ಕೈದು ವರ್ಷ ದುಡಿದ ಮೇಲೆ ಯೋಚಿಸಿದರೆ ಸಾಕು. ಅಷ್ಟರಲ್ಲಿ ಪರೀಕ್ಷೆಯ ಪುಸ್ತಕದ ಅರ್ಧ ಭಾಗ ನಿಮಗೆ ಕಂಡದ್ದೇ ಆಗಿರುತ್ತದೆ. ಬ್ಯೂರೋ ವೆರಿಟಾಸ್, ಟಿಯುವಿ, ಲಾಯ್ಡ್ಸ್‌ನಂಥ ಥರ್ಡ್ ಪಾರ್ಟಿ ಸಂಸ್ಥೆಗಳ ಬಾಗಿಲೂ ಆಗಲೇ ತೆರೆಯುವುದು. ರೈಲ್ವೆಗೆ ಬರುವ ಮಾಲನ್ನು ನೋಡುವ ರೈಟ್ಸ್ ಸರ್ಕಾರದ್ದೇ ಸಂಸ್ಥೆ.

ಕಾನೂನಿನ ಬಲವಿರುವ ಹುದ್ದೆಗಳಲ್ಲಿ ನನಗೆ ಅತಿ ಗೌರವ ಇರುವುದು ಬಾಯ್ಲರ್ ಇನ್‌ಸ್ಪೆಕ್ಟರ್ ಮೇಲೆ. 1863ರಲ್ಲಿ ಕಲ್ಕತ್ತದಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ, ಮರುವರ್ಷವೇ ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. 1923ರ ಭಾರತೀಯ ಬಾಯ್ಲರ್ ಕಾಯ್ದೆ ನೂರು ವರ್ಷ ನಡೆದು, 2025ರಲ್ಲಿ ಹೊಸ ಕಾಯ್ದೆಗೆ ಜಾಗ ಬಿಟ್ಟಿತು. ನಮ್ಮ ರಾಜ್ಯದಲ್ಲಿ ಕಾರ್ಖಾನೆ, ಬಾಯ್ಲರುಗಳ ಇಲಾಖೆ ಈ ಕೆಲಸ ನೋಡುತ್ತದೆ. ಮೆಕ್ಯಾನಿಕಲ್ ಪದವಿಯೂ ಬಾಯ್ಲರಿನ ಅನುಭವವೂ ಬೇಕು. ಮಂಡ್ಯ, ನಂಜನಗೂಡಿನ ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳನ್ನು ನೋಡಿ ಪ್ರಮಾಣಪತ್ರ ಕೊಟ್ಟ ಮೇಲೆಯೇ ಅವು ಉಗಿ ಎಬ್ಬಿಸುವುದು. ಪರೀಕ್ಷೆಗೆ ಗಾಳಿಯ ಬದಲು ನೀರು ತುಂಬುತ್ತಾರೆ, ಏಕೆ ಎಂದು ಆ ಹುಡುಗ ಕೇಳಿದ. ನೀರು ಒತ್ತಿದರೆ ಕುಗ್ಗುವುದು ಅತ್ಯಲ್ಪ, ಶಕ್ತಿಯನ್ನು ಕೂಡಿಡುವುದಿಲ್ಲ. ಪಾತ್ರೆ ಸೀಳಿದರೆ ನೀರು ಚಿಮ್ಮಿ ಮುಗಿಯುತ್ತದೆ. ಅಷ್ಟೇ ಒತ್ತಡದ ಗಾಳಿಯಾದರೆ ಪಾತ್ರೆಯೇ ಬಾಂಬಾಗುತ್ತದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಇದ್ದ 33 ಗೇಟುಗಳಲ್ಲಿ ಒಂದು. ತುಂಬಿದ ಜಲಾಶಯದ ನೀರನ್ನು ಹೊರಬಿಟ್ಟು, ತಾತ್ಕಾಲಿಕ ಗೇಟು ಇಳಿಸಲು ಒಂದು ವಾರ ಹಿಡಿಯಿತು. ಆ ವಾರ ರಾಯಚೂರು, ಕೊಪ್ಪಳ, ಬಳ್ಳಾರಿಯ ರೈತರು ಎರಡನೇ ಬೆಳೆಯ ನೀರಿಗಾಗಿ ಉಸಿರು ಬಿಗಿಹಿಡಿದಿದ್ದರು. ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಕೆಆರ್‌ಎಸ್ ಸೇರಿ ಎಷ್ಟೊಂದು ಅಣೆಕಟ್ಟೆಗಳಲ್ಲಿ ಎಷ್ಟೊಂದು ಚೈನು, ರೋಪು, ಪಿನ್ನು, ಬೇರಿಂಗುಗಳಿವೆ. ಅವನ್ನು ಹತ್ತಿ ಇಳಿದು ನೋಡುವ ಕಣ್ಣುಗಳು ನಮಗೆ ಬೇಕು. ಈ ಕಸುಬಿಗೆ ಒಳ್ಳೆಯ ಮಕ್ಕಳು ಬರಬೇಕೆಂಬ ನನ್ನ ಆಸೆಗೆ ಇದೂ ಒಂದು ಕಾರಣ.

ನನ್ನದೇ ಒಂದು ತಪ್ಪನ್ನೂ ಆ ಹುಡುಗನಿಗೆ ಹೇಳಿದೆ. ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ, ಮಾರ್ಚ್ ಕೊನೆಯ ವಾರ, ಬೇರೊಂದು ಕಾರ್ಖಾನೆ. 400 ಬುಷ್‌ಗಳ ಲಾಟು, ಲಾರಿ ಗೇಟಿನಲ್ಲಿ ಎಂಜಿನ್ ಚಾಲೂ ಮಾಡಿ ನಿಂತಿದೆ. ನಿಯಮದಂತೆ 32 ಅಳೆಯಬೇಕು. ಅಳೆದದ್ದು 8. ಉಳಿದ 24ರ ಜಾಗದಲ್ಲಿ ಅದೇ ಅಂಕಿಗಳನ್ನು ಹಿಂದುಮುಂದು ಮಾಡಿ ತುಂಬಿ ಸಹಿ ಹಾಕಿದೆ. ಎರಡು ವಾರದಲ್ಲಿ ಲಾಟು ವಾಪಸು ಬಂತು. ಲಾಟಿನ ನಡುವೆ ಟೂಲ್ ಬದಲಾಗಿತ್ತು, ಅಲ್ಲಿಂದ ಮುಂದಿನ ತೂತುಗಳೆಲ್ಲ ದೊಡ್ಡದಾಗಿದ್ದವು. ಗಿರಾಕಿಯ ಕಡೆಯಿಂದ ಬಂದ ಎಂಜಿನಿಯರ್ ಬುಷ್‌ಗಳನ್ನು ಮುಟ್ಟಲೇ ಇಲ್ಲ. ನನ್ನ ಹಾಳೆಯನ್ನು ಎತ್ತಿಕೊಂಡು ಎರಡು ನಿಮಿಷ ನೋಡಿದರು. "ಇಷ್ಟು ಅಚ್ಚುಕಟ್ಟಾದ ಅಂಕಿಗಳು ಮಿಷಿನ್‌ನಿಂದ ಬರಲ್ಲ, ಪೆನ್ನಿಂದ ಬರ್ತವೆ" ಎಂದರು. ನಿಜವಾದ ಅಳತೆ ಚೆದುರುತ್ತದೆ, ಒಂದೆರಡು ಅಂಚಿಗೆ ಹೋಗುತ್ತವೆ. ನನ್ನವು ನಡುವೆಯೇ ಗುಂಪುಗೂಡಿ ಕೂತಿದ್ದವು. ಮಾಲೀಕರು ನನ್ನನ್ನು ತೆಗೆಯಲಿಲ್ಲ. 400 ಬುಷ್‌ಗಳನ್ನೂ ನಾನೇ ಕೂತು ಅಳೆದೆ, ಎರಡು ರಾತ್ರಿ ಹಿಡಿಯಿತು. ಅಂದಿನಿಂದ ಅಳೆಯದ ಜಾಗವನ್ನು ಖಾಲಿ ಬಿಡುವುದನ್ನು ಕಲಿತೆ. ಖಾಲಿ ಜಾಗಕ್ಕೆ ಬೈಗುಳ ಬೀಳಬಹುದು, ಆದರೆ ಅದರಿಂದ ಯಾರ ಕಾಲೂ ಮುರಿಯುವುದಿಲ್ಲ.

ಹುಡುಗ ಕರಪತ್ರ ಮಡಿಸಿ ಜೇಬಿಗೆ ಹಾಕಿಕೊಂಡ. ಆಗಸ್ಟ್‌ನಲ್ಲಿ ಹೆಬ್ಬಾಳಿನ ಒಂದು ಶೆಡ್ಡಿನಲ್ಲಿ ಅಪ್ರೆಂಟಿಸ್ ಆಗಿ ಸೇರಿದ. ಅವನ ಜೊತೆ ಟಿ. ನರಸೀಪುರ ಕಡೆಯ ಇಬ್ಬರು ಹೆಣ್ಣುಮಕ್ಕಳೂ ಇದ್ದಾರಂತೆ. ಬೋರ್ ಗೇಜ್ ಹಿಡಿಯುವುದರಲ್ಲಿ ತನಗಿಂತ ಅವರೇ ಮೇಲು ಎಂದ. ನಾನೊಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು, ದಿನಾ ನೋಡಿದ ಒಂದು ದೋಷವನ್ನು ಚಿತ್ರದ ಸಮೇತ ಬರೆದಿಡು ಎಂದಿದ್ದೆ. ಸಂಕ್ರಾಂತಿಗೆ ಎಳ್ಳು ಕೊಡಲು ಬಂದಾಗ ಅರ್ಧ ತುಂಬಿತ್ತು.

ಕಳೆದ ಏಪ್ರಿಲ್‌ನಲ್ಲಿ ಒಂದು ಸಂಜೆ ಫೋನು ಬಂತು. ಹಿಂದೆ ಮಿಷಿನ್‌ಗಳ ಸದ್ದು.

"ಅಂಕಲ್, ಒಂದ್ ಶಾಫ್ಟು ಎಂಟು ಮೈಕ್ರಾನ್ ದಪ್ಪ ಬರ್ತಿದೆ. ಫೋರ್‌ಮನ್ ಪಾಸ್ ಮಾಡು ಅಂತಾವ್ರೆ. ನಾನು ಹೋಲ್ಡ್ ಟ್ಯಾಗ್ ಕಟ್ಬಿಟ್ಟಿದೀನಿ. ತಪ್ಪಾಯ್ತಾ?"

"ಎಷ್ಟು ಸಲ ಅಳೆದೆ?"

"ಮೂರು ಸಲ. ಮೂರು ಸಲಾನೂ ಅದೇ."

"ಮೈಕ್ರೋಮೀಟರ್ ಸೊನ್ನೆ?"

"ನೋಡಿದೆ, ಸರಿಯಾಗಿದೆ."

"ಶಾಫ್ಟು ಲೇತಿಂದ ಇಳಿದು ಎಷ್ಟು ಹೊತ್ತಾಯ್ತು?"

ಆ ಕಡೆ ಸ್ವಲ್ಪ ಹೊತ್ತು ಮಿಷಿನ್ ಸದ್ದು ಮಾತ್ರ ಕೇಳಿಸಿತು.

"ಇನ್ನೂ ಬೆಚ್ಚಗಿದೆ ಅಂಕಲ್. ಕಲ್ಲಿನ ಮೇಲೆ ಇಡ್ತೀನಿ. ಒಂದ್ ಗಂಟೆ ಬಿಟ್ಟು ಫೋನ್ ಮಾಡ್ತೀನಿ."

"ಟ್ಯಾಗ್ ಬಿಚ್ಚಬೇಡ" ಎಂದೆ.